ಅಳತೆ ರವಿಕೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಿರ್ಲೆಯಿಂದ ಕೆ.ಆರ್. ನಗರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಫೈನಲ್ ಬಿ.ಎ. ದಪ್ಪ ಮೈ. ಕಿಟಕಿಗೆ ಒತ್ತಿಕೊಂಡು, ಬ್ಯಾಗನ್ನು ಹೊಟ್ಟೆಗೆ ಅಡ್ಡ ಹಿಡಿದು ಕೂರುತ್ತಿದ್ದೆ. ಆದರೂ ಕಂಡಕ್ಟರು, "ಇನ್ನೊಂದ್ ಟಿಕೆಟ್ ಅರೀಲೇನವ್ವ?" ಎನ್ನುತ್ತಿದ್ದ. ಎಲ್ಲರ ಜೊತೆ ನಾನೂ ನಗುತ್ತಿದ್ದೆ.

ಆ ವರ್ಷ ಕಾಲೇಜ್ ಡೇಗೆ ಪ್ರಾರ್ಥನೆ ಹಾಡಲು ನನ್ನನ್ನು ಆರಿಸಿದರು. ಒಬ್ಬಳೇ, ಮೈಕಿನ ಮುಂದೆ. ಕಾನ್ವೆಂಟಿನಲ್ಲಿ ಓದುವಾಗಿನಿಂದ ನಾನು ಹಾಡಿದ್ದೆಲ್ಲ ಹಿಂದಿನ ಸಾಲಿನಲ್ಲಿ ನಿಂತು; ಮುಂದಿನವರ ರಿಬ್ಬನ್ನುಗಳ ಸಂದಿಯಿಂದಷ್ಟೇ ಸಭೆಯನ್ನು ನೋಡಿದವಳು. ಹಾಡಬೇಕೆಂಬ ಆಸೆ ಎಷ್ಟಿತ್ತೋ, ಎಲ್ಲರ ಕಣ್ಣಿಗೂ ಕಾಣಿಸಿಕೊಳ್ಳಬೇಕಲ್ಲ ಎಂಬ ಹೆದರಿಕೆಯೂ ಅಷ್ಟೇ ಇತ್ತು. ಉಡಲು ಅಮ್ಮನ ತಿಳಿನೀಲಿ ರೇಷ್ಮೆ ಸೀರೆಯಿತ್ತು. ರವಿಕೆ ಹೊಲಿಸಬೇಕಿತ್ತು.

ನಮ್ಮ ಕಡೆ ಹೊಸ ಬಟ್ಟೆಯ ಜೊತೆ, ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಕೊಡುವುದು ರೂಢಿ. ನಾನು ತೆಗೆದುಕೊಂಡು ಹೋಗಿದ್ದು ಪಿಯುಸಿಗೆ ಸೇರಿದಾಗ ಹೊಲಿಸಿದ್ದನ್ನು. ಕಾಲೇಜ್ ಡೇ ಹೊತ್ತಿಗೆ ಅದು ಹಿಡಿಸುವಷ್ಟು ಸಣ್ಣಗಾಗುತ್ತೇನೆ ಎಂದುಕೊಂಡಿದ್ದೆ. ಅದಕ್ಕಾಗಿ ಮುದ್ದೆಯಲ್ಲಿ ಅರ್ಧ ಮುರಿದು ಬಿಡುತ್ತಿದ್ದೆ. ಡಬ್ಬಿ ತೆರೆಯುತ್ತಲೇ ಇರಲಿಲ್ಲ. "ಡಬ್ಬಿ ಅಂಗೇ ವಾಪಸ್ ಬಂದದಲ್ಲೇ, ಯಾಕ್ ಮಗಾ?" ಎಂದು ಅಮ್ಮ ಕೇಳಿದರೆ ತಲೆನೋವು ಎನ್ನುತ್ತಿದ್ದೆ.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸಾಬರ ಮನೆಯ ಹೆಂಗಸೊಬ್ಬರು ಹೊಲಿಯುತ್ತಿದ್ದರು. ನಮಗೆಲ್ಲ ಅವರು ಆಪಾ. ಆ ರವಿಕೆಯನ್ನು ಮೊಣಕಾಲ ಮೇಲೆ ಹರಡಿ, ಕನ್ನಡಕದ ಮೇಲಿಂದ ನನ್ನನ್ನೂ ನೋಡಿದರು.

"ಇದು ಯಾರ್ದಮ್ಮಾ?"

"ನಂದೇ ಆಪಾ. ಅಷ್ಟೊತ್ತಿಗೆ ಸಣ್ಣ ಆಗ್ತೀನಿ."

"ಆಗಮ್ಮಾ, ಬೇಡ ಅಂದೋರು ಯಾರು? ಆದಾಗ ಬಾ, ಹೊಲಿಗೆ ಒಳಕ್ಕೆ ಹಿಡ್ದು ಕೊಡ್ತೀನಿ. ಸ್ಟೇಜ್ ಮೇಲೆ ಹಾಡೋದು ಯಾರೀಗ? ಆ ಪಿಯುಸಿ ಹುಡ್ಗೀನಾ, ನೀನಾ?"

ಪರದೆ ಎಳೆದು ಟೇಪು ತಂದರು. ನಾನು ಹೊಟ್ಟೆ ಒಳಗೆಳೆದು ನಿಂತೆ.

"ಉಸ್ರು ಬುಡಮ್ಮಾ. ಹಾಡು."

"ಇಲ್ಲೇನಾ?"

"ಇಲ್ಲೇ. ಮೇಲಕ್ಕೆ ಹೋಗೋ ಸಾಲು ಇರುತ್ತಲ್ಲ, ಅದನ್ನ ಹಾಡು. ಆಗ ಎದೆಗೆ ಎಷ್ಟು ಜಾಗ ಬೇಕೋ ಅಷ್ಟು ಬಟ್ಟೆ ಇಡ್ಬೇಕು. ಇಲ್ದಿದ್ರೆ ಅರ್ಧಕ್ಕೇ ಹೊಲಿಗೆ ಬಿಚ್ಕೊಳ್ಳುತ್ತೆ, ನಂಗೆ ಕೆಟ್ಟ ಹೆಸ್ರು."

ಹಾಡಿದೆ. ಅವರ ಬೆರಳುಗಳ ನಡುವೆ ಟೇಪು ಮೆಲ್ಲಗೆ ಜಾರಿತು. ಬೇರೆ ಅಂಗಡಿಗಳಲ್ಲಿ ನನ್ನ ಸುತ್ತಳತೆಯನ್ನು ಒಳಗಿನವರಿಗೆ ಕೂಗಿ ಹೇಳುತ್ತಿದ್ದರು. ಆಪಾ ಬಾಯಿ ತೆರೆಯದೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಪಕ್ಕದ ಕೋಣೆಯ ಮಿಷನ್ನಿನ ಸದ್ದು ನಿಂತಿತು. ಅವರ ಸೊಸೆ ಪರದೆಯಿಂದ ಇಣುಕಿ, "ಇನ್ನೊಂದ್ಸಲ ಹಾಡಕ್ಕಾ" ಎಂದಳು. ಇನ್ನೊಮ್ಮೆ ಹಾಡುವಾಗ ಹೊಟ್ಟೆ ಒಳಗೆಳೆಯುವುದನ್ನೇ ಮರೆತಿದ್ದೆ.

ಕಾಲೇಜ್ ಡೇ ದಿನ ಮೈಕಿನತ್ತ ನಡೆಯುವಾಗ ಹಿಂದಿನ ಬೆಂಚಿನಿಂದ ಕೇಳಿಸಿತು: "ಲೇ, ಸ್ಟೇಜ್ ತಡಿತದೇನ್ಲಾ?"

"ಸುಮ್ಕಿರ್ಲಾ, ಹಾಡ್ಲಿ ಬುಡು."

ಒಂದಷ್ಟು ಜನ ನಕ್ಕರು. ನನ್ನ ಕೈ ತಾನಾಗಿಯೇ ಹೊಟ್ಟೆಯತ್ತ ಹೋಯಿತು. ಅಡ್ಡ ಹಿಡಿಯಲು ಬ್ಯಾಗಿರಲಿಲ್ಲ. ಈ ಸಲ ನನಗೆ ನಗು ಬರಲಿಲ್ಲ. ಹಾಡಿನ ಮೊದಲ ಸಾಲಿನಲ್ಲಿ ದನಿ ನಡುಗಿತು. ಆಮೇಲೆ ಮೇಲಕ್ಕೆ ಹೋಗುವ ಸಾಲು ಬಂತು. ಉಸಿರೆಳೆದುಕೊಂಡೆ. ಆಪಾ ಹೊಲಿದ ರವಿಕೆ ಎಲ್ಲೂ ಬಿಗಿಯಲಿಲ್ಲ. ಹಾಡು ಮುಗಿಯುವವರೆಗೂ ಮುಂದೆ ಯಾರ ರಿಬ್ಬನ್ನೂ ಅಡ್ಡವಿರಲಿಲ್ಲ. ಎಲ್ಲರ ಮುಖವೂ ಕಾಣುತ್ತಿತ್ತು.

ಮಧ್ಯಾಹ್ನ ವರಾಂಡದಲ್ಲಿ ಎಲೆ ಹಾಕಿದ್ದರು. ಬೇರೆ ದಿನವಾಗಿದ್ದರೆ ಹಸಿವಿಲ್ಲವೆಂದು ಲೈಬ್ರರಿ ಕಡೆ ಹೋಗಿಬಿಡುತ್ತಿದ್ದೆ. ಅಂದು ಸಾಲಿನ ನಡುವೆಯೇ ಕೂತೆ. ಬಿಸಿಬೇಳೆಬಾತ್ ಬಡಿಸುತ್ತಿದ್ದ ಗೆಳತಿ ನನ್ನ ಎಲೆಯ ಮುಂದೆ ತಡೆದು ನಿಂತಳು.

"ಇನ್ನೊಂದ್ ಸೌಟು ಹಾಕ್ಲೇನೇ?"

"ಹಾಕೇ," ಎಂದೆ. "ಬೆಳಗ್ಗೆಯಿಂದ ಏನೂ ತಿಂದಿಲ್ಲ."