ಶೈಲಶ್ರೀಯ ಉಂಗುರದ ಬೆರಳು

ತೊಳೆಯುತ್ತಿದ್ದ ಗಾಜಿನ ಲೋಟ ಶೈಲಶ್ರೀಯ ಕೈಯೊಳಗೇ ಒಡೆಯಿತು. ನೋವಿಗಿಂತ ಮೊದಲು ಅವಳಿಗೆ ಕಂಡದ್ದು ಎಡಗೈಯ ಉಂಗುರದ ಬೆರಳು. ಮುಷ್ಟಿ ಕಟ್ಟಲು ಹೋದರೆ ಉಳಿದ ಬೆರಳೆಲ್ಲ ಮಡಚಿದವು, ಅದೊಂದು ನೆಟ್ಟಗೆ ನಿಂತಿತ್ತು. ಗಾಜು ಬೆರಳಿನ ಬುಡದಲ್ಲಿ ಅದನ್ನು ಮಡಚುವ ಸ್ನಾಯುವಿನ ಹುರಿಯನ್ನೇ ಕತ್ತರಿಸಿತ್ತು.

ಶೈಲಶ್ರೀ ಹಗಲು ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತೆ. ಶನಿವಾರ, ಭಾನುವಾರ ಬಸವರಾಜರ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವಳು. ಬೀದರ ಕಡೆಯ ಮನೆತನ. ಅಜ್ಜನ ಕಾಲಕ್ಕೇ ನೌಕರಿಗೆಂದು ಹೈದರಾಬಾದಿಗೆ ಬಂದವರು. ಮನೆಯಲ್ಲಿ ಹಾಡೆಂದರೆ ವಚನ, ತತ್ವಪದ. ಆದರೆ ಅವಳು ಬೆಳೆದ ರೈಲ್ವೆ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಆಂಗ್ಲೋ-ಇಂಡಿಯನ್ ಗಾರ್ಡ್ ಸಂಜೆ ಮೆಟ್ಟಿಲ ಮೇಲೆ ಕೂತು ಗಿಟಾರಿನಲ್ಲಿ ಬ್ಲೂಸ್ ನುಡಿಸುತ್ತಿದ್ದ. ಅವನೇ ಅವಳ ಮೊದಲ ಗುರು. ಆಮೇಲೆ ಅವಳು ಯಾವ ಹಾಡನ್ನೂ ಬಿಡಲಿಲ್ಲ. ಗಜಲಿನಲ್ಲಿ ಗಾಯಕ ಉಸಿರು ತೆಗೆದುಕೊಳ್ಳುವ ತನಕ ಕಾಯುವುದು, ರಾಕ್ ಹಾಡಿನಲ್ಲಿ ತಂತಿಯನ್ನು ಎಳೆದೆಳೆದು ಕೂಗಿಸುವುದು, ತೆಲುಗು ಕುಣಿತದ ಹಾಡಿಗೆ ಚಾಟಿ ಬೀಸಿದಂತೆ ಬಾರಿಸುವುದು, ಎಲ್ಲ ಕಲಿತಳು. ಜನ ಅವಳನ್ನು ಕೇಳಿಕೊಂಡು ಬರುತ್ತಿದ್ದುದು ಮಾತ್ರ ಒಂದು ಸ್ಪ್ಯಾನಿಶ್ ಧಾಟಿಯ ಹಾಡಿಗೆ. ಅದರ ನಡುವೆ ಗಿಟಾರ್ ಒಂದೇ ಓಡುವ ಒಂದು ಭಾಗವಿತ್ತು. ಬೆರಳು ಕಾಣದಷ್ಟು ವೇಗ.

ಗಿಟಾರನ್ನೇ ಮುಂದಿಟ್ಟ ಹಾಡುಗಳ ಒಂದು ಸಂಜೆ ಮಾಡಬೇಕೆಂದು ಅವಳು ಬಸವರಾಜರ ಬೆನ್ನುಹತ್ತಿದ್ದಳು. ಅವರು ಬ್ಯಾಂಕಿನಿಂದ ನಿವೃತ್ತರಾದ ತಬಲಾ ವಾದಕರು, ತಂಡದ ಯಜಮಾನರು. ಕೊನೆಗೂ ಒಪ್ಪಿ ಸಭಾಂಗಣ ಗೊತ್ತು ಮಾಡಿದ್ದರು. ಆಗಲೇ ಲೋಟ ಒಡೆದದ್ದು.

ಶಸ್ತ್ರಚಿಕಿತ್ಸೆಯಾಯಿತು. ಕಾರ್ಯಕ್ರಮ ಹತ್ತಿರ ಬಂದರೂ ಅವಳು ನುಡಿಸಲು ವೈದ್ಯರು ಒಪ್ಪಲಿಲ್ಲ. ಹೊಲಿಗೆ ಇನ್ನೂ ಎಳೆಯದು, ತಂತಿ ಒತ್ತಿದರೆ ಹರಿಯಬಹುದು, ಹರಿದರೆ ಮತ್ತೆ ಜೋಡಿಸುವುದು ಕಷ್ಟ ಎಂದರು.

ಮನೆಗೆ ಬಂದ ಮೇಲೆ ತಾಯಿ ಉಮಾಬಾಯಿ ಕೇಳಿದರು. "ಡಾಕ್ಟರ್ ಏನಂದ್ರು, ಕಿವಿಗೆ ಹಾಕ್ಕೊಂಡಿಯೋ ಇಲ್ಲೋ?"

"ಹಾಕ್ಕೊಂಡೀನವ್ವ."

"ಮತ್ತ ಪೆಟಗಿಯಿಂದ ಗಿಟಾರ್ ಯಾಕ ತಗ್ಯಾಕತ್ತಿ?"

"ಮೂರು ಬೆರಳಿನಾಗ ನುಡಸ್ತೀನಿ. ಆ ಬೆರಳು ಮುಟ್ಟಸೂದಿಲ್ಲ."

ಅದು ಅರ್ಧ ಸುಳ್ಳು. ಗಜಲಿಗೆ, ಬ್ಲೂಸಿಗೆ ಮೂರು ಬೆರಳು ಸಾಲುವಂತೆ ಅವಳು ಹೊಸ ದಾರಿ ಹುಡುಕಿಕೊಂಡಳು. ಸ್ಪ್ಯಾನಿಶ್ ಹಾಡಿಗೆ ಮಾತ್ರ ದಾರಿ ಸಿಗಲಿಲ್ಲ.

ಬಸವರಾಜರು ನೆರವಿಗೆಂದು ಇನ್ನೊಬ್ಬ ಗಿಟಾರ್ ವಾದಕ ಅಮೋಲನನ್ನು ಕರೆಸಿದರು. ಮಾದಾಪುರದಲ್ಲಿ ಇಂಜಿನಿಯರ್, ಕೈ ಚುರುಕು, ನಡತೆ ಮೃದು. ತಾಲೀಮಿನಲ್ಲಿ ಅವನು ಮೆಲ್ಲಗೆ ಕೇಳಿದ. "ಶೈಲಕ್ಕಾ, ಆ ಸ್ಪ್ಯಾನಿಶ್ ಹಾಡು ನಾ ಹಿಡೀಲೇನ್ರಿ? ಮನ್ಯಾಗ ಕಲ್ತೀನಿ."

"ಅದೊಂದು ಬಿಟ್ಟು ಏನು ಬೇಕಾದ್ರೂ ತಗೋ."

ಅವಳ ದನಿಗೆ ಅವನು ತಲೆತಗ್ಗಿಸಿದ. ಬಸವರಾಜರು ತಬಲಾ ಒರೆಸತೊಡಗಿದರು.

ಆ ಸಂಜೆ ಸಭಾಂಗಣ ತುಂಬಿತ್ತು. ಮೊದಲು ಗಜಲ್. ಅವಳ ಮೂರು ಬೆರಳು ತಪ್ಪಲಿಲ್ಲ. ಬ್ಲೂಸಿನಲ್ಲಿ ಉಂಗುರದ ಬೆರಳಿನಿಂದ ಎಳೆಯುವ ತಂತಿಯನ್ನು ನಡುಬೆರಳಿನಿಂದ ಎಳೆದಳು. ಸ್ವರ ಏರಿ ನಿಂತಿತು, ಹಿಂದಿನ ಸಾಲಿನವರು ಸಿಳ್ಳೆ ಹಾಕಿದರು. ಅವಳಿಗೆ ಧೈರ್ಯ ಬಂತು. ಬರಬಾರದಷ್ಟು ಬಂತು.

ಸ್ಪ್ಯಾನಿಶ್ ಹಾಡು ಶುರುವಾಯಿತು. ಗಾಯಕಿ ಹಿಂದೆ ಸರಿದಳು. ಓಡುವ ಭಾಗ ಬಂದಾಗ ಶೈಲಶ್ರೀ ಮರೆತೋ ಬೇಕೆಂದೋ ಆ ಬೆರಳನ್ನೂ ತಂತಿಗೆ ಇಳಿಸಿದಳು. ಮೊದಲ ಸುತ್ತು ನಡೆಯಿತು. ಎರಡನೆಯದರಲ್ಲಿ ಅಂಗೈಯೊಳಗೆ ಏನೋ ಚಳಕ್ಕೆಂದು ಎಳೆಯಿತು. ಬೆರಳು ತಂತಿಯ ಮೇಲೆಯೇ ಕಟ್ಟಿಗೆಯ ಚೂರಿನಂತೆ ಕೂತುಬಿಟ್ಟಿತು.

ಹರಿಯಿತೇ? ನೋಡಲು ಸಮಯವಿರಲಿಲ್ಲ. ತಬಲಾ ನಿಲ್ಲದೆ ನಡೆದಿತ್ತು. ಬಸವರಾಜರು ಅವಳ ಮುಖ ನೋಡಿ ಅದೇ ಆವರ್ತನವನ್ನು ಇನ್ನೊಮ್ಮೆ ಬಾರಿಸಿದರು. ಒಂದು ಸ್ವರ ಬಿಟ್ಟುಹೋಯಿತು, ಇನ್ನೊಂದು ಅಪಸ್ವರವಾಯಿತು. ಮುಂದಿನ ಸಾಲಿನಲ್ಲಿ ಉಮಾಬಾಯಿ ಎದ್ದು ನಿಂತರು.

ಒತ್ತಿ ನುಡಿಸಿದರೆ ಇನ್ನೊಂದು ಸುತ್ತು ಬರಬಹುದಿತ್ತೇನೋ. ಹಾಗೆ ಮಾಡುವ ಆಸೆಯೂ ಆಯಿತೆಂದು ಅವಳೇ ಆಮೇಲೆ ಹೇಳಿದ್ದಾಳೆ. ಆದರೆ ಅವಳು ಅಮೋಲನ ಕಡೆ ತಿರುಗಿದಳು.

"ತಗೋ," ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ತಗೋ ಅಂದ್ನಲ್ಲ! ಹಾಡು ನಿಂದು!"

ಅಮೋಲ್ ಮುಂದಿನ ತಾಳಕ್ಕೆ ಒಳಗೆ ಬಂದ. ಮೊದಲು ತಡವರಿಸಿದ, ಆಮೇಲೆ ಓಡಿದ. ಶೈಲಶ್ರೀ ತೋರುಬೆರಳು, ನಡುಬೆರಳು ಎರಡರಲ್ಲೇ ತಂತಿ ಹಿಡಿದು ಅವನಿಗೆ ಲಯ ಕೊಟ್ಟಳು. ಹಾಡು ಮುಗಿದಾಗ ಚಪ್ಪಾಳೆ ಬಿದ್ದದ್ದು ಅವನಿಗೆ. ಅವಳಿಗೆ ಅದು ನಾಟಿತು.

ವಿರಾಮದಲ್ಲಿ ಪರದೆಯ ಹಿಂದೆ ಉಮಾಬಾಯಿ ಮಗಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಮಡಚಿ ತೋರಸು."

"ಅಂಜಿಕಿ ಬರ್ತೈತೆವ್ವ."

"ಬರಲಿ. ಮಡಚು."

ಬೆರಳು ಬಹಳ ಹೊತ್ತಿನ ಮೇಲೆ ಅರ್ಧದಷ್ಟು ಬಾಗಿತು. ಹರಿದಿರಲಿಲ್ಲ. ಉಮಾಬಾಯಿ ಉಸಿರು ಬಿಟ್ಟರು. ಆಮೇಲೆ ಮಗಳ ಭುಜಕ್ಕೆ ಜೋರಾಗಿ ಒಂದು ಏಟು ಹಾಕಿ ಅತ್ತುಬಿಟ್ಟರು.

"ಮನೀಗೆ ನಡೀವಾ," ಎಂದರು ಬಸವರಾಜರು. "ಉಳಿದದ್ದು ನಾವು ನೋಡ್ಕೋತೀವಿ."

"ವಚನ ಒಂದು ನುಡಿಸಿ ಹೋಗ್ತೀನ್ರಿ ಅಣ್ಣಾರ. ಅದಕ್ಕ ಎರಡ ಬೆರಳು ಸಾಕು."

ಉಮಾಬಾಯಿ ತಮ್ಮ ಕರವಸ್ತ್ರ ತೆಗೆದು ಆ ಬೆರಳನ್ನು ಕಿರುಬೆರಳಿಗೆ ಬಿಗಿದು ಕಟ್ಟಿದರು. ಇನ್ನು ಅದು ಮುಟ್ಟಬೇಕೆಂದರೂ ತಂತಿ ಮುಟ್ಟುವಂತಿರಲಿಲ್ಲ. ವಚನ ನಿಧಾನವಾಗಿ ಸಾಗಿತು. ಸ್ವರಗಳು ಕಡಿಮೆ, ನಡುವೆ ಬೇಕಾದಷ್ಟು ಮೌನ. ಯಾರೂ ಸಿಳ್ಳೆ ಹಾಕಲಿಲ್ಲ.

ವೈದ್ಯರು ಚೆನ್ನಾಗಿ ಬೈದರು. ಹೊಲಿಗೆ ಉಳಿದಿತ್ತು, ಆದರೆ ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಶೈಲಶ್ರೀ ಒಂದೊಂದೇ ಹಾಡಿಗೆ ಬೆರಳಿನ ಹೊಸ ದಾರಿ ಹಾಕಿಕೊಳ್ಳುತ್ತಿದ್ದಾಳೆ. ಗಜಲ್ ಮೊದಲಿಗಿಂತ ಚೆನ್ನಾಗಿದೆ ಎನ್ನುವವರಿದ್ದಾರೆ. ಅವಳು ನಂಬುವುದಿಲ್ಲ.

ಸ್ಪ್ಯಾನಿಶ್ ಹಾಡು ಈಗ ಅಮೋಲನದು. ಅವನು ಅದನ್ನು ನುಡಿಸುವಾಗ ಅವಳು ವೇದಿಕೆ ಬಿಟ್ಟು ಇಳಿಯುವುದಿಲ್ಲ, ಪಕ್ಕದಲ್ಲಿ ಕೂತು ಲಯ ಹಿಡಿಯುತ್ತಾಳೆ. ಕೆಲವು ಸಲ ಅದು ಸಲೀಸು. ಕೆಲವು ಸಲ ಹಲ್ಲುಕಚ್ಚಿ ಹಿಡಿಯುತ್ತಾಳೆ.