ಶನಿವಾರದ ಜ್ವರಕ್ಕೆ ಐದು ಬ್ಯಾಗು

ತಾಕತ್ತಿದ್ದರೆ ಇದನ್ನು ನಂಬದೇ ಇರಿ, ನೋಡೋಣ.

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ, ಹಲಸೂರಿನ ಒಂದು ಸರ್ಕಾರಿ ಶಾಲೆಯಲ್ಲಿ, ಒಬ್ಬ ದೊಡ್ಡ ದಾನಿಗಳು ತಮ್ಮ ಸ್ವಂತ ಶೂಗಳನ್ನು, ಸ್ವಂತ ಕೈಯಾರೆ, ಕ್ಯಾಮೆರಾ ಕಡೆ ನೋಡಿ ನಗುತ್ತಾ, ಮೂರನೇ ಕ್ಲಾಸಿನ ಮಗುವೊಂದಕ್ಕೆ ದಾನ ಮಾಡಿದರು. ಚಪ್ಪಾಳೆ ಬಿತ್ತು. ಫೋಟೋ ತೆಗೆದರು. ಆಮೇಲೆ ಅದೇ ದಾನಿಗಳು ಬರೀ ಸಾಕ್ಸಿನಲ್ಲಿ ಸ್ಟೇಜ್ ಇಳಿದು 'ನನ್ನ ಶೂ ಎಲ್ಲಿ?' ಎಂದು ಹುಡುಕಾಡಿದರು.

ನಗಬೇಡಿ. ಆ ಸಮಾರಂಭಕ್ಕೆ ನಾನೇ ಚೀಫ್ ಗೆಸ್ಟ್.

(ನನ್ನನ್ನು ಚೀಫ್ ಗೆಸ್ಟ್ ಮಾಡುವವರ ತಲೆ ಸರಿಯಿದೆಯೇ ಎಂದು ಕೇಳಬೇಡಿ. ಬರಬೇಕಿದ್ದ ಸಾಹೇಬರು ಹಿಂದಿನ ದಿನ ಕೈಕೊಟ್ಟರು. ನಾನು ಪಕ್ಕದ ಕುಕ್ ಟೌನಿನವನು, ವಾರಕ್ಕೊಮ್ಮೆ ಪೇಪರಿನಲ್ಲಿ ಫೋಟೋ ಬರುತ್ತದೆ, ಕಾರು ಕಳಿಸಿ ಎನ್ನುವುದಿಲ್ಲ. ಇನ್ನೇನು ಬೇಕು? ಸಾಲದ್ದಕ್ಕೆ ಅದೇ ಶಾಲೆಯ ಹಳೇ ವಿದ್ಯಾರ್ಥಿ. ಹೆಡ್‌ಮಾಸ್ತರ ಕುರ್ಚಿಯ ಮೇಲೆ ಮೇಕೆ ಕೂರಿಸಿ ಪ್ರೇಯರ್ ಬೆಲ್ ಹೊಡೆದ ದಾಖಲೆ ಇಂದಿಗೂ ನನ್ನ ಹೆಸರಿನಲ್ಲಿದೆ. ಯಾರೂ ಮುರಿದಿಲ್ಲ.)

ಕಾರ್ಯಕ್ರಮ ಏನಪ್ಪಾ ಅಂದರೆ, ಬಡ ಮಕ್ಕಳಿಗೆ ಉಚಿತ ಸ್ಕೂಲ್ ಬ್ಯಾಗ್ ವಿತರಣೆ. ನಡೆಸಿದ್ದು ಒಂದು ಟ್ರಸ್ಟು. ಹೆಸರು ನಾನು ಹೇಳುವುದಿಲ್ಲ. ಅವರೇ ಫ್ಲೆಕ್ಸ್ ಮೇಲೆ ಬರೆಸಿದ್ದರು, ಬಾಣಸವಾಡಿ ರೈಲ್ವೆ ಸ್ಟೇಷನ್ನಿನಲ್ಲಿ ನಿಂತವರೂ ಓದಬಹುದಾದಷ್ಟು ದೊಡ್ಡದಾಗಿ. ಫ್ಲೆಕ್ಸ್ ಮೇಲೆ ಅಧ್ಯಕ್ಷರ ಮುಖ. ಪ್ರತಿ ಬ್ಯಾಗಿನ ಮೇಲೂ ಅಧ್ಯಕ್ಷರ ಮುಖ. ಮಗು ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ನಡೆದರೆ, ಅಧ್ಯಕ್ಷರೇ ಹಿಂದಕ್ಕೆ ನೋಡಿಕೊಂಡು ಶಾಲೆಗೆ ಹೋಗುತ್ತಿರುವ ಹಾಗೆ ಕಾಣುತ್ತದೆ.

ನಾನು ಅರ್ಧ ಗಂಟೆ ಮೊದಲೇ ಹೋಗಿದ್ದೆ. ಶಿಸ್ತು ಅಂದುಕೊಳ್ಳಬೇಡಿ. ಬಿಸಿಯೂಟದ ಅಡುಗೆಮನೆಯ ನೂರ್ ಆಪಾ ಮಾಡುವ ಚಹಾದ ಆಸೆ. ಆಪಾ ಶಿವಾಜಿನಗರದವರು. ಆ ಶಾಲೆಗೆ ನಾನು ಹೋದಾಗಲೆಲ್ಲ ಚಹಾ ಕೊಡುತ್ತಾರೆ, ನನ್ನ ಜೋಕಿಗೆ ಮಾತ್ರ ಒಂದು ದಿನವೂ ನಕ್ಕವರಲ್ಲ.

ಅಡುಗೆಮನೆಯ ಹಿಂದೆ ಒಂದು ಹುಡುಗಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿತ್ತು. ಒಂಬತ್ತನೇ ಕ್ಲಾಸಿನದು. ಬಿಳಿ ಚೂಡಿದಾರ, ಎರಡು ಜಡೆ, ಕಾಲಲ್ಲಿ ಹವಾಯಿ ಚಪ್ಪಲಿ. ಆಚೆ ಗ್ರೌಂಡಿನಲ್ಲಿ ಮಾಸ್ ಡ್ರಿಲ್ ನಡೆಯುತ್ತಿತ್ತು.

"ಯಾಕಮ್ಮಾ, ಡ್ರಿಲ್‌ಗೆ ಹೋಗ್ಲಿಲ್ವಾ?"

"ಜ್ವರ ಬಂದಾವ್ರಿ ಅಜ್ಜಾರ."

ಹಣೆ ಮುಟ್ಟಿ ನೋಡಿದೆ. ನನ್ನ ಕೈಯಲ್ಲಿದ್ದ ಚಹಾ ಲೋಟ ಅದಕ್ಕಿಂತ ಬಿಸಿಯಾಗಿತ್ತು.

"ಈ ಶರಣಮ್ಮಂಗೆ ಶನಿವಾರ ಮಾತ್ರ ಜ್ವರ ಬರ್ತದೆ ಸಾಬ್," ಎಂದರು ಆಪಾ. "ಸೋಮವಾರ ನೋಡಿ, ಘೋಡಾ ಥರ ಓಡ್ತಾಳೆ. ಖೋ-ಖೋದಲ್ಲಿ ಇವಳನ್ನ ಮುಟ್ಟೋರು ಒಬ್ರೂ ಇಲ್ಲ ಇಸ್ಕೂಲಲ್ಲಿ."

ಶನಿವಾರಕ್ಕೆ ಮಾತ್ರ ಬರುವ ಜ್ವರ ಯಾವುದು? ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಶನಿವಾರ ಎಂದರೆ ಬಿಳಿ. ಬಿಳಿ ಬಟ್ಟೆ, ಬಿಳಿ ಕ್ಯಾನ್ವಾಸ್ ಶೂ. ಸರ್ಕಾರ ಕೊಡುವ ಶೂ ಕಪ್ಪು, ಅದು ಶನಿವಾರ ನಡೆಯುವುದಿಲ್ಲ. ಬಿಳಿ ಶೂ ಇಲ್ಲದವರನ್ನು ಪಿ.ಟಿ. ಮಾಸ್ತರು ಸಾಲಿನಿಂದ ಹೊರಗೆ ಕರೆದು ಧ್ವಜಕಂಬದ ಪಕ್ಕ ನಿಲ್ಲಿಸುತ್ತಾರೆ. ಇಡೀ ಶಾಲೆ ನೋಡುತ್ತದೆ. ನನ್ನ ಕಾಲದಲ್ಲೂ ನಿಲ್ಲಿಸುತ್ತಿದ್ದರು. ನಾನು ಕಪ್ಪು ಶೂಗೆ ಸುಣ್ಣ ಬಳಿದುಕೊಂಡು ಹೋಗುತ್ತಿದ್ದೆ. ಎಲ್ಲರಿಗೂ ನನ್ನಷ್ಟು ಬುದ್ಧಿ ಇರಲು ಸಾಧ್ಯವೇ?

ಶರಣಮ್ಮನ ಮನೆಯವರು ಯಾದಗಿರಿ ಕಡೆಯವರು. ಅಪ್ಪ ಕೆ.ಆರ್. ಪುರಂನಲ್ಲಿ ಏಳುತ್ತಿರುವ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾಂಕ್ರೀಟ್ ಕೆಲಸ. ಅವ್ವ ಇಂದಿರಾನಗರದ ಫ್ಲ್ಯಾಟುಗಳಲ್ಲಿ ಮನೆಕೆಲಸ. ಇವಳು ಪ್ರತಿ ಶನಿವಾರ ಶಾಲೆಗೆಂದು ಹೊರಟು, ಹಾಜರಿಗೆ ಹೋಗದೆ, ಆಪಾ ಹತ್ತಿರ ಅಕ್ಕಿ ಆರಿಸುತ್ತಾ ಕೂರುತ್ತಾಳೆ.

"ಟೀಚರ್ ಅವ್ವಗ ಫೋನ್ ಹಚ್ಯಾರ್ರಿ, ನಿಮ್ಮ ಹುಡುಗಿ ಶನಿವಾರ ಬರಂಗಿಲ್ಲ ಅಂತ," ಎಂದಳು. "ಅವ್ವ ಅಂದಾಳ, ಇನ್ನೊಂದ್ ಶನಿವಾರ ತಪ್ಪಿಸಿದಿ ಅಂದ್ರ ಸಾಲಿ ಬಿಡಸ್ತೀನಿ ಅಂತ. ಇಂದಿರಾನಗರದಾಗ ಒಬ್ರ ಮನ್ಯಾಗ ಕೂಸು ಹಿಡಿಯೋ ಕೆಲಸ ಐತಂತ್ರಿ."

"ಮುಂದಿನ ಶನಿವಾರ ಏನಿದೆ ಗೊತ್ತಾ ಸಾಬ್? ಖೋ-ಖೋ ಟೀಮ್ ಸೆಲೆಕ್ಷನ್," ಎಂದು ಆಪಾ ಸೇರಿಸಿದರು.

"ಶೂ ಇಲ್ಲ ಅಂತ ಅವ್ವಂಗೆ ಹೇಳೋದಲ್ವಾ?"

"ಹೇಳಿದ್ರ ಅಳ್ತಾಳ್ರಿ."

ಮಾತು ಬದಲಿಸಲು ಕೇಳಿದೆ: "ಬ್ಯಾಗಾದ್ರೂ ಇದೆಯಾ?"

"ಐದ್ ಅದಾವ್ರಿ."

ಐದು! ನಾಲ್ಕು ವರ್ಷಗಳಲ್ಲಿ ಐದು ದಾನಿಗಳು. ಒಂದರಲ್ಲಿ ಪುಸ್ತಕ. ಒಂದರಲ್ಲಿ ಈರುಳ್ಳಿ. ಒಂದರಲ್ಲಿ ಅವ್ವ ಊಟದ ಡಬ್ಬಿ ಒಯ್ಯುತ್ತಾಳೆ. ಒಂದಕ್ಕೆ ಹಳೇ ಬಟ್ಟೆ ತುಂಬಿ ತಮ್ಮನಿಗೆ ದಿಂಬು ಮಾಡಿದ್ದಾರೆ. ಐದನೆಯದನ್ನು ಕೊಟ್ಟಿದ್ದು ಒಬ್ಬ ಬಿಲ್ಡರ್. ಅವಳ ಅಪ್ಪ ಕಾಂಕ್ರೀಟ್ ಹಾಕುತ್ತಿರುವುದು ಅದೇ ಬಿಲ್ಡರ್‌ನ ಕಟ್ಟಡಕ್ಕೆ. ಇವತ್ತು ಆರನೆಯದು ಬರಲಿಕ್ಕಿತ್ತು.

ಎಲ್ಲ ದಾನಿಗಳಿಗೂ ಬ್ಯಾಗೇ ಏಕೆ ಹೊಳೆಯುತ್ತದೆ? ಏಕೆಂದರೆ ಬ್ಯಾಗಿನ ಮೇಲೆ ಮುಖ ಪ್ರಿಂಟ್ ಮಾಡಬಹುದು. ಶೂ ಮೇಲೆ ಮುಖ ಹಾಕಿಸಿಕೊಳ್ಳುವ ಧೈರ್ಯ ಯಾವ ಅಧ್ಯಕ್ಷನಿಗಿದೆ ಹೇಳಿ?

ಅಷ್ಟರಲ್ಲಿ ಗ್ರೌಂಡಿನಿಂದ ಕೂಗು ಕೇಳಿಸಿತು. ಟ್ರಸ್ಟಿನ ಫೋಟೋಗ್ರಾಫರ್, ಕಿವಿಯಲ್ಲಿ ಓಲೆ, ತಲೆಯ ಮೇಲೆ ತಿರುಗಿಸಿದ ಟೋಪಿ. ಡ್ರಿಲ್ ಮುಗಿಸಿದ ಮಕ್ಕಳನ್ನು ಸ್ಟೇಜಿನ ಮುಂದೆ ಸಾಲು ಮಾಡುತ್ತಿದ್ದ.

"ಶೂ ಹಾಕ್ಕೊಂಡಿರೋರೆಲ್ಲ ಶೂ ಬಿಚ್ರೋ! ಬರಿಗಾಲಲ್ಲಿ ನಿಂತ್ಕೊಳ್ಳಿ!"

ನಾನು ಹತ್ತಿರ ಹೋಗಿ, "ಯಾಕಪ್ಪಾ?" ಎಂದೆ.

"ಫೀಲ್ ಬರ್ಬೇಕಲ್ವಾ ಸಾರ್. ಬಿಳಿ ಯೂನಿಫಾರ್ಮು, ಬಿಳಿ ಶೂ, ಫಳಫಳ ಅಂತಿದಾರೆ. ಯಾವ್ದೋ ಕಾನ್ವೆಂಟ್ ಥರ ಕಾಣ್ತಿದೆ. ಇವ್ರನ್ನ ನೋಡಿ ಯಾರ್ ಸಾರ್ ಡೊನೇಷನ್ ಕೊಡ್ತಾರೆ?"

ಅರ್ಥವಾಯಿತಲ್ಲ? ಶೂ ಇಲ್ಲ ಎಂಬ ಕಾರಣಕ್ಕೆ ಒಂದು ಹುಡುಗಿ ಅಡುಗೆಮನೆಯ ಹಿಂದೆ ಅಡಗಿ ಕುಳಿತಿದ್ದಾಳೆ. ಶೂ ಇದೆ ಎಂಬ ಕಾರಣಕ್ಕೆ ಉಳಿದವರು ಬಿಚ್ಚುತ್ತಿದ್ದಾರೆ. ಇದನ್ನು ನಾನು ಕಟ್ಟಿ ಹೇಳಿದ್ದರೆ ನೀವೇ ಉಗಿಯುತ್ತಿದ್ದಿರಿ.

ಅಡುಗೆಮನೆಗೆ ವಾಪಸು ಬಂದೆ. "ಆಪಾ, ಆ ದಾನಿಗಳ ಕಾಲಿಂದ ಶೂ ಕಿತ್ಕೊಂಡ್ರೆ ಹೆಂಗಿರತ್ತೆ?"

ಆಪಾ ಸೌಟು ಕೆಳಗಿಟ್ಟರು. "ಅದೇನು ದೊಡ್ಡ ಕೆಲ್ಸ ಸಾಬ್? ನಮ್ಮ ಶಾದಿಯಲ್ಲಿ ದೂಲ್ಹಾ ಶೂ ಬಿಟ್ಟ ಅಂದ್ರೆ ಹುಡುಗಿ ಕಡೆಯೋರು ಬಚ್ಚಿಡ್ತೀವಿ. ನೇಗ್ ಕೊಡ್ಬೇಕು, ಶೂ ತಗೋಬೇಕು. ನನ್ನ ತಂಗಿ ಗಂಡ ಬಾಬುದು ಶಿವಾಜಿನಗರದಲ್ಲಿ ಚಪ್ಪಲಿ ಅಂಗಡಿ. ಶಾದಿ ದಿನ ಅವನ ಶೂ ನಾನೇ ಬಚ್ಚಿಟ್ಟೆ. ಆ ಕಂಜೂಸ್, 'ನನ್ನ ಅಂಗಡೀಲಿ ಶೂಗೆ ಏನ್ ಬರ?' ಅಂದ್ಬಿಟ್ಟು ಬರಿಗಾಲಲ್ಲೇ ಮನೆಗೆ ಹೋದ!"

ನೇಗ್ ಎಂದರೆ ಹುಡುಗಿ ಕಡೆಯವರಿಗೆ ಕೊಡುವ ಉಡುಗೊರೆ. ಮೇಕೆಯ ನಂತರ ಇಷ್ಟು ಒಳ್ಳೆಯ ಅವಕಾಶ ನನಗೆ ಸಿಕ್ಕಿರಲಿಲ್ಲ.

ಸಮಾರಂಭ ಶುರುವಾಯಿತು. ದೀಪ ಬೆಳಗಬೇಕು. ನಾನು ಎದ್ದು ಮೈಕಿನಲ್ಲಿ ಭಕ್ತಿಯಿಂದ ಹೇಳಿದೆ: "ದೀಪ ಬೆಳಗೋರು ದಯವಿಟ್ಟು ಪಾದರಕ್ಷೆ ಕೆಳಗಡೆ ಬಿಟ್ಟು ಬರ್ಬೇಕು. ಇದು ವಿದ್ಯಾಮಂದಿರ." ಯಾರು ಇಲ್ಲ ಎನ್ನುತ್ತಾರೆ? ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಮೂರೂ ಜನ ಮೆಟ್ಟಿಲ ಬಳಿ ಶೂ ಬಿಟ್ಟು ಸಾಕ್ಸಿನಲ್ಲಿ ಸ್ಟೇಜ್ ಹತ್ತಿದರು. (ನಾನು ಮನೆಯಿಂದ ಬರುವಾಗಲೇ ಚಪ್ಪಲಿ. ಅದನ್ನು ಯಾರು ಕದಿಯುತ್ತಾರೆ?)

ದೀಪ ಉರಿಯಿತು, ಶೂ ಮಾಯವಾಯಿತು. ಬ್ಯಾಗುಗಳ ರಾಶಿ ಸ್ಟೇಜಿನ ಹಿಂದೆ ಇತ್ತು. ಜ್ವರದ ಶರಣಮ್ಮ ಬಗ್ಗಿ ಬಂದದ್ದನ್ನೂ ನೋಡಿದೆ, ಮೂರು ಬ್ಯಾಗುಗಳ ಜಿಪ್ ಎಳೆದದ್ದನ್ನೂ ನೋಡಿದೆ. ಘೋಡಾ ಎಂದು ಆಪಾ ಸುಮ್ಮನೆ ಅಂದದ್ದಲ್ಲ.

ವಿತರಣೆ ಆರಂಭ. ಮಗು ಬರಬೇಕು, ಬ್ಯಾಗಿನ ಒಂದು ತುದಿ ಹಿಡಿಯಬೇಕು, ಇನ್ನೊಂದು ತುದಿ ಅಧ್ಯಕ್ಷರದು, ಫೋಟೋ ಆಗುವವರೆಗೂ ಬಿಡಬಾರದು. ಹತ್ತನೆಯದೋ ಹನ್ನೊಂದನೆಯದೋ ಬ್ಯಾಗು ಎತ್ತಿದಾಗ ಅಧ್ಯಕ್ಷರ ಕೈ ತುಸು ಜಗ್ಗಿತು. ಅವರು ಮೈಕಿಗೆ ಬಾಯಿ ಹಾಕಿ ಹೇಳಿದ್ದನ್ನು ಅಕ್ಷರಶಃ ಕೊಡುತ್ತೇನೆ: "ನೋಡಿ, ನಮ್ಮ ಟ್ರಸ್ಟಿನ ಬ್ಯಾಗು. ಎಷ್ಟು ತೂಕ ಇದೆ! ಕ್ವಾಲಿಟಿ ಅಂದ್ರೆ ಇದು!"

ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಮುಗಿದ ಮೇಲೆ ಮೆಟ್ಟಿಲ ಬಳಿ ಹುಡುಕಾಟ. ಬಿಸಿಲು ಏರಿತ್ತು, ಜಲ್ಲಿ ಕಾದಿತ್ತು. ಅಧ್ಯಕ್ಷರು ಸಾಕ್ಸಿನಲ್ಲಿ ಒಂದು ಕಾಲು ಎತ್ತಿ ಒಂದು ಕಾಲು ಇಡುತ್ತಿದ್ದರು.

"ಒಳ್ಳೇ ಫೀಲ್ ಬರ್ತಿದೆ ಸಾರ್," ಎಂದೆ. "ಫೋಟೋಗ್ರಾಫರ್‌ನ ಕರೀಲಾ?"

ಆಪಾ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಶೂ ಬಚ್ಚಿಟ್ಟಿದ್ದು ಹುಡುಗಿ ಕಡೆಯೋರು ಸಾಬ್. ನಾವೇ. ನೇಗ್ ಕೊಡ್ಬೇಕು." ಅವರ ಕೈಯಲ್ಲಿ ಒಂದು ಹಳೇ ಪೇಪರು. ಶನಿವಾರ ಅಡಗುವ ಮಕ್ಕಳು ಶರಣಮ್ಮ ಒಬ್ಬಳೇ ಅಲ್ಲ, ಆರು ಮಂದಿ ಇದ್ದರು. ಆ ಆರೂ ಜನರ ಪಾದ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರು. (ನನ್ನ ಅಂಕಣ ಬಂದಿದ್ದ ಪುಟ. ನನ್ನ ಮೂಗಿನ ಮೇಲೆ ಯಾರದೋ ಹೆಬ್ಬೆರಳು.) "ಈ ಅಳತೆಗೆ ಬಿಳಿ ಶೂ. ಮುಂದಿನ ಶನಿವಾರದ ಒಳಗೆ."

"ನೋಡೀಮ್ಮಾ, ಈ ವರ್ಷ ನಮ್ಮ ಥೀಮು ಬ್ಯಾಗು," ಎಂದರು ಅಧ್ಯಕ್ಷರು. "ಶೂ ಬಗ್ಗೆ ಕಮಿಟಿ ಮುಂದೆ ಪ್ರಪೋಸಲ್ ಬರ್ಬೇಕು, ಪಾಸಾಗ್ಬೇಕು. ಬೆನಿಫಿಷಿಯರಿ ಲಿಸ್ಟ್ ಆಗ್ಬೇಕು..."

ಆಗ ಮೂರನೇ ಕ್ಲಾಸಿನ ಒಂದು ಪುಟಾಣಿ ತನ್ನ ಹೊಸ ಬ್ಯಾಗು ತೆಗೆದುಕೊಂಡು ಬಂದಿತು. ಒಳಗಿನಿಂದ ದೊಡ್ಡ ಎರಡು ಕಂದು ಶೂ ತೆಗೆದು ಅಧ್ಯಕ್ಷರ ಮುಂದೆ ಜೋಡಿಸಿ ಇಟ್ಟಿತು.

"ಅಂಕಲ್, ನೀವು ಕೊಟ್ಟಿದ್ದು ನಂಗೆ ಸೈಜ್ ಆಗಲ್ಲ."

ಕೇಳಿಸಿಕೊಂಡಿರಾ? ಆ ಮಗು ಒಂದು ನಿಮಿಷದಲ್ಲಿ ಕಂಡುಹಿಡಿದದ್ದನ್ನು ಟ್ರಸ್ಟುಗಳು ವರ್ಷಗಟ್ಟಲೆ ಕಂಡುಹಿಡಿದಿಲ್ಲ. ಫಾರಂನಲ್ಲಿ ಅಪ್ಪನ ಕೆಲಸ ಕೇಳುತ್ತಾರೆ, ಆದಾಯ ಕೇಳುತ್ತಾರೆ, ಜಾತಿ ಕೇಳುತ್ತಾರೆ. 'ನಿನಗೇನು ಬೇಕಮ್ಮಾ' ಎಂಬ ಒಂದು ಸಾಲು ಸೇರಿಸಿದರೆ ಫಾರಂ ಹರಿದುಹೋಗುತ್ತದೆಯೇ? ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ, ಮಾರಾಯರೇ. ಕೊಡುವ ಮೊದಲು ಒಂದು ಸಲ ಬಗ್ಗಿ ಕಾಲು ನೋಡಿ ಎನ್ನುತ್ತಿದ್ದೇನೆ.

ಉಳಿದೆರಡು ಬ್ಯಾಗುಗಳಿಂದ ಕಾರ್ಯದರ್ಶಿ, ಖಜಾಂಚಿಯವರ ಶೂಗಳೂ ಹೊರಬಂದವು. ಅಧ್ಯಕ್ಷರು ಶೂ ಹಾಕಿಕೊಂಡರು. ಆಪಾ ಕೊಟ್ಟ ಪೇಪರನ್ನು ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಯ ಕಡೆ ನಡೆದರು.

ಬುಧವಾರ ಬೆಳಿಗ್ಗೆ ಅವರ ಕಾರು ಶಾಲೆಯ ಗೇಟಿಗೆ ಬಂತು. ಡ್ರೈವರ್ ಡಿಕ್ಕಿ ತೆಗೆದ. ಆರು ಡಬ್ಬ, ಆರು ಜೊತೆ ಬಿಳಿ ಕ್ಯಾನ್ವಾಸ್ ಶೂ. ಫ್ಲೆಕ್ಸ್ ಇಲ್ಲ, ಮೈಕಿಲ್ಲ, ಕಿವಿಯೋಲೆಯ ಫೋಟೋಗ್ರಾಫರೂ ಇಲ್ಲ.

ಶನಿವಾರ ನಾನು ಮತ್ತೆ ಹೋದೆ. ಈ ಸಲ ಯಾರೂ ಕರೆದಿರಲಿಲ್ಲ. ಧ್ವಜಕಂಬದ ಪಕ್ಕ ಯಾರೂ ನಿಂತಿರಲಿಲ್ಲ. ಡ್ರಿಲ್ ಆದ ಮೇಲೆ ಸೆಲೆಕ್ಷನ್. ಶರಣಮ್ಮ ಓಡಿದ್ದನ್ನು ನಾನು ವರ್ಣಿಸುವುದಿಲ್ಲ, ಅದಕ್ಕೆ ನನ್ನ ಪೆನ್ನಿಗಿಂತ ವೇಗದ ಪೆನ್ನು ಬೇಕು. ಪಿ.ಟಿ. ಮಾಸ್ತರು ಮೊದಲು ಕೂಗಿದ ಹೆಸರು ಅವಳದೇ. ಗೇಟಿನ ಹೊರಗೆ ಒಬ್ಬ ಹೆಂಗಸು ಬ್ಯಾಗೊಂದನ್ನು ತೋಳಿಗೆ ಹಾಕಿಕೊಂಡು ನಿಂತಿದ್ದಳು. ಬ್ಯಾಗಿನ ಮೇಲೆ ಬಿಲ್ಡರ್ ಹೆಸರು. ಅದರಿಂದಲೇ ಗುರುತು ಸಿಕ್ಕಿತು, ಅವ್ವ. ಮಗಳು ಓಡಿ ಬಂದು ನಿಂತಾಗ ಅವಳು ಕೇಳಿದ್ದು ಇಷ್ಟೇ:

"ಬರೋ ಶನಿವಾರನೂ ಐತೇನ್?"

"ಐತಬೇ. ದಿನಾ ಪ್ರ್ಯಾಕ್ಟೀಸ್ ಐತಿ."

"ಹಂಗಾರ ಆ ಇಂದಿರಾನಗರದೋರಿಗೆ ಬರಂಗಿಲ್ಲ ಅಂತ ಹೇಳ್ತೀನಿ."

ಅಡುಗೆಮನೆಯಲ್ಲಿ ಆಪಾ ಅಕ್ಕಿಯಲ್ಲಿ ಕಲ್ಲು ಆರಿಸಲು ಕರೆದರು. ಕೆಲಸದವಳು ಬಿಟ್ಟು ಹೋಗಿದ್ದಳಲ್ಲ, ಕೂತೆ.

ಈಗ ತಪ್ಪೊಪ್ಪಿಗೆ. ಇಷ್ಟರಲ್ಲಿ ಒಂದೇ ಒಂದು ವಿಷಯ ನಾನು ಕಟ್ಟಿದ್ದು. ಮೇಕೆ ಅಂದುಕೊಂಡಿರಾ? ಮೇಕೆ ನಿಜ. ಫೋಟೋಗ್ರಾಫರ್ ನಿಜ, ಐದು ಬ್ಯಾಗು ನಿಜ, ತೂಕದ ಮಾತೂ ನಿಜ. ಬುಧವಾರದ ಆ ಕಾರು ಮಾತ್ರ ಸುಳ್ಳು. ಅಧ್ಯಕ್ಷರು ಆಪಾ ಕೊಟ್ಟ ಪೇಪರನ್ನು ಕುರ್ಚಿಯ ಮೇಲೇ ಬಿಟ್ಟು ಹೋದರು. ಅದು ಶಿವಾಜಿನಗರ ಸೇರಿತು. ಆರು ಡಬ್ಬಗಳು ಬಂದದ್ದು ಬಾಬುವಿನ ಸ್ಕೂಟರಿನಲ್ಲಿ. "ಶಾದಿ ದಿನ ಕೊಡ್ದೇ ಹೋದ ನೇಗ್, ಆಪಾ. ಇನ್ಮೇಲೆ ಕಂಜೂಸ್ ಅನ್ಬೇಡಿ," ಎಂದು ಇಳಿಸಿ ಹೋದನಂತೆ.

ಮೇಕೆಯಿಂದ ಹಿಡಿದು ಎಲ್ಲವನ್ನೂ ಅನುಮಾನಿಸಿದ ನೀವು, ಕಾರು ಬಂತು ಎಂದಾಗ ಮಾತ್ರ ತಕರಾರಿಲ್ಲದೆ ನಂಬಿದಿರಿ, ಅಲ್ಲವೇ?