ಮಾತು ಕೇಳುತ್ತಿದ್ದ ಅಕ್ಕಾರು

ಮೊನ್ನೆ ಕೊಟ್ಟೂರಿನ ಸಂತೆಯಲ್ಲಿ ಹಸಿ ಶೇಂಗಾ ಕೊಂಡೆ. ಕಾಯಿಗೆ ಅಂಟಿದ ಮಣ್ಣು ಇನ್ನೂ ಆರಿರಲಿಲ್ಲ. ಮನೆಗೆ ತಂದು ಒಂದು ಕಾಯಿ ಒಡೆದೆ ನೋಡಿ, ಆ ಸಿಪ್ಪೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂಡ್ಲಿಗಿಯ ಆ ಸಣ್ಣ ಕೋಣೆ, ಚಾಪೆ, ಮೊರದ ತುಂಬ ಶೇಂಗಾ... ಅಕ್ಕಾರು ನೆನಪಾದರು.

ಎರಡು ಸಾವಿರದ ಇಸವಿಯ ಆಸುಪಾಸು. ಕೂಡ್ಲಿಗಿಯಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳ ಆಶ್ರಮವೊಂದರಲ್ಲಿ ನಾನು ವಾರ್ಡನ್ ಆಗಿದ್ದೆ. ಮನೆಯವರ ಕೈಯಲ್ಲೇ ಪೆಟ್ಟು ತಿಂದವರು, ಕಣ್ಣೆದುರೇ ತಾಯಿ ಸತ್ತದ್ದನ್ನು ಕಂಡವರು, ಯಾರ ಮುಂದೂ ಹೇಳಲಾಗದ್ದನ್ನು ಅನುಭವಿಸಿದವರು... ಅಂಥ ಮಕ್ಕಳು. ಅವರ ಭಯ ಬಿಡಿಸಲಿಕ್ಕೆಂದೇ ಓದಿಕೊಂಡು ಬಂದವರು ಅಕ್ಕಾರು. ಅವರ ಹುದ್ದೆಗೆ ಕಾಗದದ ಮೇಲೆ ದೊಡ್ಡ ಹೆಸರಿತ್ತು. ನಮ್ಮ ಅಡುಗೆಯಾಕೆಗೆ ಮಾತ್ರ ಅವರು ‘ಮಾತು ಕೇಳೋ ಅಕ್ಕಾರು’.

ಎದುರಿಗೆ ಕೂರಿಸಿ ಕೇಳಿದರೆ ಯಾವ ಮಗು ಬಾಯಿ ಬಿಟ್ಟೀತು? ಅಕ್ಕಾರು ಏನೂ ಕೇಳುತ್ತಿರಲಿಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಬ್ಬರೂ ಸುಮ್ಮನೆ ಶೇಂಗಾ ಬಿಡಿಸುವುದು, ಅಷ್ಟೇ. ಮುಖ ನೋಡುವ ಗೋಜಿಲ್ಲ. ಕೈ ಕೆಲಸದಲ್ಲಿರುವಾಗ ಎಷ್ಟೋ ದಿನಕ್ಕೆ ಒಂದು ಮಾತು ಹೊರಬೀಳುತ್ತಿತ್ತು, ಆಮೇಲೆ ಇನ್ನೊಂದು. ಮಕ್ಕಳು ಹಗುರಾಗಿ ಆಡಲು ಓಡುತ್ತಿದ್ದರು. ಅಕ್ಕಾರು ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆಯುತ್ತಾ ನಿಲ್ಲುತ್ತಿದ್ದರು. “ಊಟ ಆತೇನ್ರಿ ಅಕ್ಕಾರ?” ಅನ್ನುತ್ತಿದ್ದೆ. “ಆತ್ರಿ” ಅನ್ನುತ್ತಿದ್ದರು. ನನ್ನ ವಿಚಾರಣೆ ಅಲ್ಲಿಗೆ ಮುಗಿಯುತ್ತಿತ್ತು.

ಮೂರನೆಯ ವರ್ಷಕ್ಕೆ ಅವರು ಸೊರಗಿದರು. ತಟ್ಟೆಯ ಮುಂದೆ ಕೂತವರು ಉಣ್ಣುವುದನ್ನೇ ಮರೆಯುತ್ತಿದ್ದರು. ಒಂದು ದಿನ ನನ್ನ ಹತ್ತಿರ ಬಂದು, “ಎಂಟು ದಿನ ನಮ್ಮೂರು ಮಾಗಳಕ್ಕ ಹೋಗಿ ಬರ್ತೀನ್ರಿ. ನನ್ನ ಕೈಲಿ ಆಗವಲ್ದು” ಎಂದರು.

“ಅಯ್ಯ, ನೀವು ಹೋದ್ರ ಹೆಂಗ್ರಿ? ನಿಮ್ಮನ್ನ ಬಿಟ್ರ ಈ ಹುಡುಗ್ಯಾರು ಯಾರ ಹತ್ರ ಬಾಯಿ ಬಿಡ್ತಾವ?” ಅಂದೆ. ಹೊಗಳಿದೆ ಅಂದುಕೊಂಡಿದ್ದೆ ನಾನು, ದಡ್ಡಿ.

ಅಡುಗೆಯಾಕೆಗೆ ಕಾರಣ ಥಟ್ಟನೆ ಹೊಳೆಯಿತು: ದೃಷ್ಟಿ. ಅಕ್ಕಾರನ್ನು ಹೊಸ್ತಿಲ ಹತ್ತಿರ ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. “ಒಂಚೂರರ ಘಾಟು ಬಂತೇನ್ರಿ? ಎಂಥಾ ಕೆಟ್ಟ ದೃಷ್ಟಿ ಇತ್ತು ನೋಡ್ರಿ!” ಎಲ್ಲರೂ ನಕ್ಕೆವು, ಅಕ್ಕಾರೂ ನಕ್ಕರು. ರಜೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಗ ಹಡಗಲಿ ಕಡೆಯ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ಬಂದು ಆರು ತಿಂಗಳಾದರೂ ತುಟಿ ಎರಡು ಮಾಡಿರಲಿಲ್ಲ. ದೃಷ್ಟಿ ತೆಗೆದ ಮರುವಾರ, ಮಧ್ಯಾಹ್ನ, ಚಹಾ ಹಿಡಿದು ನಾನು ಆ ಕೋಣೆಯ ಬಾಗಿಲಿಗೆ ಬಂದೆ. ಒಳಗೆ ಸಣ್ಣ ದನಿ.

“ಅಕ್ಕಾ... ಅವತ್ತು ನಮ್ಮ ಮನ್ಯಾಗ...”

ಮಾತಾಡಿತು ಕೂಸು! ಅಕ್ಕಾರ ಕೈ ನಿಂತಿತು. ತಲೆ ಎತ್ತಲಿಲ್ಲ. “ಬ್ಯಾಡವ್ವ” ಎಂದರು. “ಇವತ್ತು ಬ್ಯಾಡ. ನಾಳಿ ಹೇಳು.”

ಹುಡುಗಿ ತಲೆಯಾಡಿಸಿ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು.

ನಾಳೆಯೂ ಕೂತರು, ನಾಡಿದ್ದೂ ಕೂತರು. ಅಕ್ಕಾರು ಕೊನೆಗೆ ಬಾಯಿಬಿಟ್ಟು ಬೇಡಿಕೊಂಡರು. ಹುಡುಗಿ ಮತ್ತೆ ಬಾಯಿ ತೆರೆಯಲಿಲ್ಲ. ತಿಂಗಳೊಳಗೆ ಸೋದರಮಾವ ಅನ್ನುವವನು ಕಾಗದ ಪತ್ರ ತಂದು ಕರೆದುಕೊಂಡು ಹೋದ. ಅವನು ಎಂಥವನೋ, ಆಕೆ ಏನು ಹೇಳಲಿಕ್ಕಿದ್ದಳೋ, ನಮಗೇನು ಗೊತ್ತಿತ್ತು? ತಡೆಯಲು ನಮ್ಮ ಹತ್ತಿರ ಒಂದು ಮಾತೂ ಇರಲಿಲ್ಲ. ಆ ಸಿಟ್ಟಿಗೆ ನಾನು ಅಕ್ಕಾರ ಮೇಲೆ ಹರಿಹಾಯ್ದೆ. “ಎಂಥಾ ಕೆಲಸ ಮಾಡಿದ್ರಿ! ಒಂದು ಗಳಿಗಿ ಕೇಳಾಕ ಏನಾಗಿತ್ತು ನಿಮಗ?” ಅವರು ಆ ವಾರವೇ ಕೆಲಸ ಬಿಟ್ಟು ಊರಿಗೆ ಹೋದರು.

ವರ್ಷದ ಮೇಲೆ ಮಾಗಳಕ್ಕೆ ಹೋಗಿದ್ದೆ. ಬೈದದ್ದು ಮನಸ್ಸಿಗೆ ಕೊರೆಯುತ್ತಿತ್ತು. ಮನೆಯಿಂದ ಹೊಳೆ ಕಾಣುತ್ತಿತ್ತು. ಅಕ್ಕಾರು ಚಹಾ ಕೊಟ್ಟರು, ಅದೂ ಇದೂ ಮಾತಾಡಿದೆವು. ನಾನು ಏಳುವ ಹೊತ್ತಿಗೆ ಅವರು ತಾವಾಗಿಯೇ ಶುರು ಮಾಡಿದರು.

“ಆ ಹುಡುಗಿ ಬಾಯಿ ತೆಗದಾಗ ನನ್ನ ಒಳಗ ಜಾಗನ ಇರ್ಲಿಲ್ರಿ. ಒಂದು ಮಾತಿನಷ್ಟೂ ಇರ್ಲಿಲ್ಲ. ನಿಮಗೊಂದು ಹೇಳ್ಬೇಕ್ರಿ... ಯಾರಿಗೂ ಹೇಳಿಲ್ಲ...”

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಚೀಲ ಎತ್ತಿಕೊಂಡೆ. “ಬಸ್ ಬಂತ್ರಿ ಅಕ್ಕಾರ. ಮತ್ತೊಮ್ಮೆ ಬಂದಾಗ ಹೇಳ್ರಿ.” ಅವರು ತಲೆಯಾಡಿಸಿದರು.

ಮತ್ತೆ ಹೋಗಲಿಲ್ಲ. ಸಂಸಾರ, ಬೇರೆ ಊರಿನ ಕೆಲಸ, ಒಂದಿಲ್ಲೊಂದು... ಅಕ್ಕಾರು ತೀರಿಕೊಂಡರೆಂದು ಹೋದ ವರ್ಷ ಯಾರೋ ಹೇಳಿದರು, ಅದೂ ತಿಂಗಳುಗಟ್ಟಲೆ ತಡವಾಗಿ. ಏನು ಹೇಳಬೇಕೆಂದಿದ್ದರೋ. ಅವತ್ತು ಅವರಿಗೆ ಅಷ್ಟು ಬೈದವಳು ನಾನು. ಆ ಬಸ್ಸು ತಪ್ಪಿದ್ದರೆ ಸಂಜೆಗೆ ಇನ್ನೊಂದು ಇತ್ತು.